ಆಶ್ರಯ ಕೇಂದ್ರಕ್ಕೆ ಒಂದು ಸೈಟು: ಮಂಡ್ಯ, ಮದ್ದೂರು, ಮಳವಳ್ಳಿಗಳ ವಲಯ ನಿಯಮಗಳ ಕುರಿತು

ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ನಗರ ಯೋಜನೆಯ ನಕ್ಷೆ ಒಂದು ಬಗೆಯಲ್ಲಿ, ಕೂಲಿಯ ದಿನಚರಿ ಇನ್ನೊಂದು ಬಗೆಯಲ್ಲಿ ಬಿಡಿಸುತ್ತದೆ. ಸಣ್ಣ ಊರುಗಳಲ್ಲಿ ಈ ಎರಡರ ನಡುವಿನ ಅಂತರ ಹೆಚ್ಚು.

2013ರಿಂದ 2024ರವರೆಗೆ ನಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಂತೆ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಶಾಶ್ವತ ಆಶ್ರಯ ಇರಬೇಕಿತ್ತು. ಒಂದೊಂದು ಕೇಂದ್ರ ಸಾಮಾನ್ಯವಾಗಿ 50ರಿಂದ 100 ಮಂದಿಯದು. 2011ರ ಜನಗಣತಿಯಂತೆ ಮಂಡ್ಯ ನಗರದ ಜನಸಂಖ್ಯೆ 1.37 ಲಕ್ಷ. ಮದ್ದೂರು, ಮಳವಳ್ಳಿ ತಲಾ ಅರ್ಧ ಲಕ್ಷವನ್ನೂ ಮುಟ್ಟಿರಲಿಲ್ಲ. ಅನುಪಾತ ಹಾಕಿದರೆ ಇವೆರಡಕ್ಕೂ ಒಂದೊಂದು ಪೂರ್ಣ ಕೇಂದ್ರ ಸಿಗುವುದಿಲ್ಲ. ವಸತಿರಹಿತರ ಎಣಿಕೆಯೂ ನೆರವಿಗೆ ಬರದು: ಅದು ನಡೆದದ್ದು 2011ರ ಫೆಬ್ರವರಿ 28ರ ಒಂದೇ ರಾತ್ರಿ. ಮಳೆಗಾಲದಲ್ಲೇ ಕಬ್ಬು ಅರೆಯಲು ತೊಡಗುವ ಈ ಸೀಮೆಗೆ ಬಂದುಹೋಗುವ ಕಟಾವಿನ ಕೂಲಿಗಳು, ಆಲೆಮನೆ ಆಳುಗಳು ಆ ಪಟ್ಟಿಯಲ್ಲಿ ಸಿಗುವುದು ಹೇಗೆ?

ಜಾಗದ ವಿಚಾರದಲ್ಲಿ ಮಾರ್ಗಸೂಚಿ ಸ್ಪಷ್ಟವಾಗಿದೆ. ರೈಲು ನಿಲ್ದಾಣ, ಬಸ್ ನಿಲ್ದಾಣ, ಸಗಟು ಮಾರುಕಟ್ಟೆಗಳ ಹತ್ತಿರ, ಅಂದರೆ ದುಡಿಮೆಯ ಹತ್ತಿರ. ಮದ್ದೂರಿನ ಎಪಿಎಂಸಿಯನ್ನೇ ನೋಡಿ. ಎಳನೀರು ಇಲ್ಲಿಂದ ಲಾರಿ ಹತ್ತಿ ಹೊರರಾಜ್ಯಗಳಿಗೆ ಹೋಗುತ್ತದೆ. ಲೋಡು ತುಂಬುವ ಹಮಾಲನಿಗೆ ಊರಾಚೆ ಮೂರು ಮೈಲಿ ದೂರದ ಹಾಸಿಗೆ ಬೇಕಿಲ್ಲ. ಮುಂದಿನ ಲಾರಿ ಬಂದಾಗ ಅವನು ಅಲ್ಲೇ ಇರಬೇಕು. ಇಲ್ಲದಿದ್ದರೆ ಆ ದಿನದ ಕೂಲಿ ಇನ್ನೊಬ್ಬನ ಪಾಲು. ರೈಲೇ ಇಲ್ಲದ ಮಳವಳ್ಳಿಯಲ್ಲಿ ಬಸ್ ನಿಲ್ದಾಣ ಮತ್ತು ಸಂತೆಯೇ ಅಳತೆಗೋಲಾಗಬೇಕು.

ಕೇಳುವ ನೆಲವೂ ದೊಡ್ಡದಲ್ಲ. ತಲಾ 50 ಚದರ ಅಡಿಯಂತೆ 50 ಮಂದಿಗೆ 2,500 ಚದರ ಅಡಿ. 40×60 ಅಡಿಯ ಒಂದು ಸೈಟಿನಲ್ಲಿ ಎರಡು ಅಂತಸ್ತು ಎತ್ತಿದರೆ ಸುತ್ತ ಬಿಡಬೇಕಾದ ಜಾಗ ಕಳೆದರೂ ಇದು ಹೆಚ್ಚುಕಡಿಮೆ ಹೊಂದುತ್ತದೆ. ತೊಡಕಿರುವುದು ಕಾಗದದಲ್ಲಿ. ವಲಯ ನಿಯಮಾವಳಿ ಆಶ್ರಯ ಕೇಂದ್ರವನ್ನು ಹೆಸರಿಸಿ ಹೇಳದಿದ್ದರೆ ಅದು ವಸತಿಯೋ ಸಾರ್ವಜನಿಕ ಸೌಲಭ್ಯವೋ ಎಂಬುದು ಅಧಿಕಾರಿಯ ವಿವೇಚನೆಗೆ ಬೀಳುತ್ತದೆ. ವಲಯಕ್ಕೆ ಹೊಂದದು ಎಂದಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕರಣದಂತೆ ಭೂ ಉಪಯೋಗ ಬದಲಾಗಬೇಕು. ಪತ್ರಿಕೆಯಲ್ಲಿ ಪ್ರಕಟಣೆ, ಸಾರ್ವಜನಿಕ ಆಕ್ಷೇಪಣೆ, ಸರ್ಕಾರದ ಒಪ್ಪಿಗೆ. ಆಕ್ಷೇಪಿಸಲು ನೆರೆಮನೆಯವರಿಗೆ ವಿಳಾಸವಿದೆ. ಕಟ್ಟೆಯ ಮೇಲೆ ಮಲಗುವವನಿಗೆ ಅದೇ ಇಲ್ಲ. ಈ ಅಸಮಾನತೆಯನ್ನು ನಮ್ಮ ಯೋಜನಾ ಸಾಹಿತ್ಯ ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು.

ನೆರೆಯವರ ಭಯದಲ್ಲಿ ಒಂದು ಕಲಸುಮೇಲೋಗರವೂ ಸೇರಿದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಆಸ್ತಿ ತೆರಿಗೆಯೊಡನೆ ಶೇ. 3ರ ಭಿಕ್ಷುಕರ ಕರ ವಸೂಲಾಗುತ್ತದೆ; ಅದರಿಂದ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರ ಮಂಡ್ಯದಲ್ಲೂ ಇದೆ. ಅದು ಭಿಕ್ಷಾಟನೆಯಲ್ಲಿ ಹಿಡಿದವರನ್ನು ಇರಿಸುವ ಜಾಗ. ಆಶ್ರಯ ಕೇಂದ್ರವಾದರೋ ರಾತ್ರಿ ಬಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವವರದು. ಬಾಗಿಲು ಎರಡೂ ಕಡೆಗೆ ತೆರೆದಿರಬೇಕು. ಎರಡನ್ನೂ ಒಂದೇ ಎಂದು ಬಗೆದಾಗಲೇ ‘ಊರಾಚೆ ಕಟ್ಟಿ’ ಎಂಬ ಮಾತು ಹುಟ್ಟುತ್ತದೆ.

ದಾರಿ ಕಾನೂನಿನೊಳಗೇ ಇದೆ. ವಾಣಿಜ್ಯ, ಸಾರಿಗೆ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ವಲಯಗಳಲ್ಲಿ ಆಶ್ರಯ ಕೇಂದ್ರವನ್ನು ನೇರ ಅನುಮತಿಯ ಉಪಯೋಗವೆಂದು ನಿಯಮಾವಳಿಯಲ್ಲಿ ಸೇರಿಸಬೇಕು. ನಾಗರಿಕ ಸೌಲಭ್ಯ ನಿವೇಶನಗಳಿಗೂ ಸರ್ಕಾರದ ಅಧಿಸೂಚನೆಯಲ್ಲಿ ಅದರ ಹೆಸರು ಬರಬೇಕು. ಮದ್ದೂರು, ಮಳವಳ್ಳಿಗಳಿಗೆ ಲಕ್ಷದ ಲೆಕ್ಕ ಬಿಟ್ಟು, ಹಂಗಾಮಿನಲ್ಲಿ ನಡೆಸಿದ ರಾತ್ರಿ ಎಣಿಕೆಯ ಮೇಲೆ 20 ಅಥವಾ 30 ಹಾಸಿಗೆಯ ಕೇಂದ್ರ ಮಂಜೂರಾಗಬೇಕು.