ಚೆನ್ನಮ್ಮನೆಂಬ ಹೆಸರು

ದೂರದ ಊರಿನಿಂದ ಬಂದ ಬಂಧುವೊಬ್ಬಳು ಹೊಸ್ತಿಲಲ್ಲಿ ನಿಂತು ‘ಚೆನ್ನಾಗಿದ್ದೀಯೇನೇ, ಚೆನ್ನಮ್ಮಾ?’ ಎಂದು ಕೇಳುವಾಗ ಒಂದೇ ಪದವು ಒಮ್ಮೆ ಕುಶಲಪ್ರಶ್ನೆಯಾಗಿಯೂ ಮತ್ತೊಮ್ಮೆ ಸಂಬೋಧನೆಯಾಗಿಯೂ ಬಂದುದನ್ನು ಕೇಳಿದವಳಾಗಲಿ ಕೇಳಿಸಿಕೊಂಡವಳಾಗಲಿ ಗಮನಿಸುವುದಿಲ್ಲ. ಅಷ್ಟರಮಟ್ಟಿಗೆ ಅದು ನಮ್ಮ ನಿತ್ಯದ ಮಾತಿನಲ್ಲಿ ಬೆರೆತುಹೋಗಿದೆ. ಲಕ್ಷ್ಮಿ, ಸರಸ್ವತಿ, ಸಾವಿತ್ರಿ ಮೊದಲಾದ ನಾಮಧೇಯಗಳು ಪುರಾಣಲೋಕದಿಂದ ಇಳಿದುಬಂದು ಭರತಖಂಡದ ನಾನಾ ಭಾಷೆಗಳ ಮನೆಗಳಲ್ಲಿ ನೆಲೆಸಿದಂಥವು. ಚೆನ್ನಮ್ಮನಾದರೋ ದೇಶ್ಯದ ಬೇರಿನಿಂದಲೇ ಚಿಗುರಿದವಳು.

‘ಚೆನ್ನ’ವೆಂದೊಡನೆ ಮೊದಲು ತೋರುವ ಅರ್ಥ ಸೌಂದರ್ಯ, ತೆಲುಗಿನ ‘ಚೆನ್ನು’ ಶಬ್ದಕ್ಕೂ ಅದೇ ಅರ್ಥ. ಆದರೆ ಅಡುಗೆ ಚೆನ್ನಾಗಿದೆ, ಮಳೆ ಚೆನ್ನಾಗಿ ಬಂತು, ಹುಡುಗ ಚೆನ್ನಾಗಿ ಓದುತ್ತಾನೆ ಎಂದು ನಾವು ಆಡುವಾಗ ಕಣ್ಣಿಗೆ ಕಾಣುವ ರೂಪದ ಪ್ರಸ್ತಾಪವೇ ಅಲ್ಲಿ ಇರುವುದಿಲ್ಲ. ಒಂದು ವಸ್ತು ಹೇಗಿರಬೇಕೋ ಹಾಗೆ ಇರುವುದು, ಕೊರತೆಯಿಲ್ಲದೆ, ನೇರವಾಗಿ, ತುಂಬಿಕೊಂಡು ಇರುವುದು ‘ಚೆನ್ನ’. ಬರಿಯ ರೂಪವನ್ನು ಹೊಗಳಬೇಕಾದಾಗ ಕನ್ನಡಿಗರಿಗೆ ‘ಚೆಲುವೆ’ ಎಂಬ ಮಾತು ಬೇರೆಯೇ ಉಂಟು. ಈ ಹೆಸರನ್ನು ಕೇವಲ ‘ಸುಂದರಿ’ ಎಂದು ವಿವರಿಸಿ ಮುಗಿಸುವ ವಾಡಿಕೆ ನನಗೆ ಒಪ್ಪಿಗೆಯಾಗದಿರುವುದು ಈ ಕಾರಣದಿಂದಲೇ.

ಮನುಷ್ಯರಿಗಿರುವಂತೆ ದೇವರಿಗೂ ಈ ವಿಶೇಷಣ ಸಂದಿತು. ಬೇಲೂರಿನಲ್ಲಿ ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಸ್ವಾಮಿಯು ಇಂದು ಲೋಕಕ್ಕೆಲ್ಲ ಚೆನ್ನಕೇಶವ. ಅದೇ ಪ್ರಾಕಾರದಲ್ಲಿ ಪಟ್ಟದರಸಿ ಶಾಂತಲೆ ಕಟ್ಟಿಸಿದ ಗುಡಿಯ ದೇವರು ಕಪ್ಪೆ ಚೆನ್ನಿಗರಾಯ. ಅದೇ ಶತಮಾನದಲ್ಲಿ ಅಕ್ಕಮಹಾದೇವಿಯು ತನ್ನ ವಚನಗಳ ಅಂಕಿತಕ್ಕೆ ಆರಿಸಿಕೊಂಡದ್ದು ಶ್ರೀಶೈಲದ ಮಲ್ಲಿಕಾರ್ಜುನನನ್ನು, ಅದೂ ಬರಿಯ ಮಲ್ಲಿಕಾರ್ಜುನನನ್ನಲ್ಲ, ಚೆನ್ನಮಲ್ಲಿಕಾರ್ಜುನನನ್ನು. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದ ಇಂಗ್ಲಿಷ್ ಅನುವಾದದಲ್ಲಿ ಈ ಅಂಕಿತವು ಮಲ್ಲಿಗೆಯ ಬಿಳುಪುಳ್ಳ ಒಡೆಯನೆಂಬ ಅರ್ಥಕ್ಕೆ ತಿರುಗಿದಾಗ ಮಲ್ಲಿಗೆ ಉಳಿಯಿತು, ಬಿಳುಪು ಉಳಿಯಿತು. ಅಕ್ಕನು ತನ್ನ ನುಡಿಯಿಂದ ಕೂಡಿಸಿದ ‘ಚೆನ್ನ’ ಮಾತ್ರ ಹಿಂದೆ ನಿಂತಿತು. ಆ ಎರಡಕ್ಷರಕ್ಕೆ ಪರಭಾಷೆಯಲ್ಲಿ ಸರಿಸಾಟಿ ದೊರೆಯುವುದು ಸುಲಭವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಶರಣರಲ್ಲಿ ಮಾದಾರ ಚೆನ್ನಯ್ಯನೂ ಚೆನ್ನಬಸವಣ್ಣನೂ, ತುಳುನಾಡಿನ ಗರಡಿಗಳಲ್ಲಿ ಕೋಟಿಯ ಜೊತೆಗಾರನಾದ ಚೆನ್ನಯ್ಯನೂ ಈ ಹೆಸರನ್ನು ಹೊತ್ತವರೇ. ಮತವಾಗಲಿ ಕುಲವಾಗಲಿ ಇದಕ್ಕೆ ಬೇಲಿಯಾಗಲಿಲ್ಲ.

ಹೆಣ್ಣಿನ ಹೆಸರಾಗುವಾಗ ಈ ಪದದ ಕೊನೆಗೆ ತಾಯ್ತನ ಸೇರಿಕೊಳ್ಳುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯ ಕಾಲದಲ್ಲಿ ‘ಅಬ್ಬೆ’ಯಾಗಿದ್ದ ಉತ್ತರಪದವು ಮುಂದೆ ಮೈಸೂರಿನ ಕಡೆ ‘ಅಮ್ಮ’ನಾಗಿಯೂ ಧಾರವಾಡ ಬೆಳಗಾವಿಗಳ ಕಡೆ ‘ಅವ್ವ’ನಾಗಿಯೂ ನಿಂತಿತು, ಅಲ್ಲಿ ಮೊದಲಿನ ಎಕಾರವೂ ಬಾಯಲ್ಲಿ ಸಡಿಲಗೊಂಡು ‘ಚನ್ನವ್ವ’ ಎಂದಾಯಿತು. ತೊಟ್ಟಿಲಲ್ಲಿ ಮಲಗಿರುವ ಹಸುಗೂಸನ್ನು ಅಮ್ಮನೆಂದೂ ಅವ್ವನೆಂದೂ ಕರೆಯುವ ಈ ಗೌರವ ನಮ್ಮ ಹಳೆಯ ನಾಮಕರಣಪದ್ಧತಿಯ ಬಹು ದೊಡ್ಡ ಸೊಬಗೆಂದು ನಾನು ಭಾವಿಸುತ್ತೇನೆ.

ಇನ್ನು ರಾಣಿಯರು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ದೀರ್ಘಕಾಲ ಆಳಿ, ಪೋರ್ಚುಗೀಸರಿಂದ ಕರಿಮೆಣಸಿನ ರಾಣಿಯೆನಿಸಿಕೊಂಡ ಚೆನ್ನಭೈರಾದೇವಿ ಜೈನಳು. 17ನೆಯ ಶತಮಾನದ ಕೊನೆಯ ಪಾದದಲ್ಲಿ ಬಿದನೂರಿನಿಂದ ರಾಜ್ಯವಾಳಿದ ಕೆಳದಿಯ ಚೆನ್ನಮ್ಮಾಜಿಯು, ಶಿವಾಜಿಯ ಮಗನಾದ ರಾಜಾರಾಮನು 1689ರಲ್ಲಿ ಪ್ರಾಣಭಯದಿಂದ ದಕ್ಷಿಣಕ್ಕೆ ಧಾವಿಸಿ ಬಂದಾಗ, ಔರಂಗಜೇಬನ ಸೈನ್ಯ ಬೆನ್ನಟ್ಟಿ ಬರುತ್ತಿರುವುದನ್ನು ತಿಳಿದೂ ಆತನಿಗೆ ಆಶ್ರಯವಿತ್ತಳು. ಶರಣಾಗತನನ್ನು ಬಿಟ್ಟುಕೊಡದ ಆ ನಡತೆಯನ್ನು ಕನ್ನಡದಲ್ಲಿ ಬಣ್ಣಿಸಲು ‘ಚೆನ್ನಾಗಿ ನಡೆದುಕೊಂಡಳು’ ಎಂಬುದಕ್ಕಿಂತ ಬೇರೆ ಮಾತು ಬೇಕಾಗಿಲ್ಲ.

ಆದರೂ ಈ ಹೆಸರನ್ನು ನಾಡಿನ ಉಸಿರಿಗೆ ಬೆಸೆದವಳು ಬೆಳಗಾವಿಯ ಬಳಿಯ ಕಾಕತಿಯಲ್ಲಿ ಹುಟ್ಟಿ ಮಲ್ಲಸರ್ಜ ದೇಸಾಯಿಯ ಕೈಹಿಡಿದ ಕಿತ್ತೂರಿನ ಚೆನ್ನಮ್ಮ. 1824ರಲ್ಲಿ ಮಲ್ಲಸರ್ಜನ ಮಗನೂ ಕಿತ್ತೂರಿನ ಒಡೆಯನೂ ಆಗಿದ್ದ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತುಪುತ್ರನ ಹಕ್ಕನ್ನು ಅಲ್ಲಗಳೆದು ಬೊಕ್ಕಸಕ್ಕೆ ಮುದ್ರೆಯೊತ್ತಲು ಮುಂದಾದ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಅಕ್ಟೋಬರ್ 23ರಂದು ಕೋಟೆಯ ಮುಂದೆ ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದನು. ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ರಾಣಿಯು ಕೊಲ್ಲಿಸಲಿಲ್ಲ. ಯುದ್ಧ ನಿಲ್ಲುವುದೆಂದು ನಂಬಿ ಬಿಡುಗಡೆ ಮಾಡಿದಳು. ಡಿಸೆಂಬರಿನಲ್ಲಿ ಇಮ್ಮಡಿ ಸೈನ್ಯ ಬಂದು ಕೋಟೆಯನ್ನು ಮುರಿಯಿತು. 1829ರಲ್ಲಿ ಬೈಲಹೊಂಗಲದ ಬಂಧನದಲ್ಲಿಯೇ ಆಕೆಯ ಬಾಳು ಮುಗಿಯಿತು. ಬಳಿಕ ಲಾವಣಿಕಾರರು ಆ ಹೆಸರನ್ನು ಊರೂರಿಗೆ ಹೊತ್ತರು, ಬಿ. ಆರ್. ಪಂತುಲು ಅವರ 1961ರ ಚಲಚ್ಚಿತ್ರದಲ್ಲಿ ಬಿ. ಸರೋಜಾದೇವಿಯವರು ಅದಕ್ಕೆ ಮುಖವನ್ನೂ ಕಂಠವನ್ನೂ ಕೊಟ್ಟರು. ಹುಬ್ಬಳ್ಳಿಯ ವೃತ್ತಕ್ಕೂ ಬೆಳಗಾವಿಯ ವಿಶ್ವವಿದ್ಯಾಲಯಕ್ಕೂ ಅದೇ ಹೆಸರಾಯಿತು.

ಕೆಲವು ವರ್ಷಗಳ ಹಿಂದೆ ಧಾರವಾಡದ ಸೀಮೆಯ ಒಂದು ಮನೆಯಲ್ಲಿ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದೆ. ಕೂಸಿಗೆ ಶಾಲೆಯ ದಾಖಲೆಗೆಂದು ತಂದೆತಾಯಿಗಳು ಹೊಸ ಕಾಲದ ಮೂರಕ್ಷರದ ಹೆಸರೊಂದನ್ನು ಮೊದಲೇ ಗೊತ್ತುಮಾಡಿದ್ದರು. ಗುಗ್ಗರಿಯ ಬಿಸಿಯಾರುತ್ತಿತ್ತು; ಮುತ್ತೈದೆಯರು ತೊಟ್ಟಿಲ ಕೆಳಗೂ ಮೇಲೂ ಕೂಸನ್ನು ಕೈಯಿಂದ ಕೈಗೆ ದಾಟಿಸಿದರು. ಸೋದರತ್ತೆ ಬಾಗಿ, ಕೂಸಿನ ಕಿವಿಗೆ ಬಾಯಿಟ್ಟು, ‘ಕುರ್ರ್’ ಎಂದು ಆ ಹೊಸ ಹೆಸರನ್ನು ಊದಿದಳು. ಸುತ್ತಲಿನವರು ನಗುತ್ತ ಆಕೆಯ ಬೆನ್ನಿಗೆ ಗುದ್ದಿದರು. ಅಷ್ಟಕ್ಕೆ ಎಲ್ಲರೂ ಎದ್ದಾಗ ಮೂಲೆಯಲ್ಲಿ ಕುಳಿತಿದ್ದ ಮುತ್ತಜ್ಜಿ ಗೋಡೆ ಹಿಡಿದು ಬಂದು, ಕೂಸಿನ ಇನ್ನೊಂದು ಕಿವಿಯ ಬಳಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ತನ್ನ ಅತ್ತೆಯ ಹೆಸರನ್ನು ಹೇಳಿದಳು: ಚನ್ನವ್ವ.