ಇಪ್ಪತ್ತೊಂದು ಮಕ್ಕಳು, ಇಪ್ಪತ್ತೊಂದು ದಿನ

ನಮ್ಮ ಅತ್ತೆಗೆ ಹನ್ನೊಂದನೇ ವಯಸ್ಸಿನಲ್ಲಿ ಒಮ್ಮೆ ಮೊಣಕಾಲು ಊದಿಕೊಂಡಿತು. ಅದು ಇಳಿಯುವಷ್ಟರಲ್ಲಿ ಮೊಣಕೈ, ಆಮೇಲೆ ಮಣಿಕಟ್ಟು. ಮನೆಯವರು ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರು. ಎರಡು ಮೂರು ವಾರದ ಹಿಂದೆ ಅವರಿಗೆ ಗಂಟಲು ನೋವು ಬಂದು ಹೋಗಿದ್ದು ಯಾರಿಗೂ ನೆನಪಿರಲಿಲ್ಲ. ಮುಂದೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ, ಹೃದಯದ ಕವಾಟ ಹಾಳಾಗಿದೆ ಎಂದು ತಿಳಿಯಿತು. ಅಲ್ಲಿಂದ ವರ್ಷಗಟ್ಟಲೆ, ಇಪ್ಪತ್ತೊಂದು ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್. ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬಗಳ ನಡುವೆ ಆ ದಿನಗಳಿಗೂ ಗುರುತು ಹಾಕಿರುತ್ತಿದ್ದರು.

ನಾನು ವೈದ್ಯಕೀಯದ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಪೋಲಿಯೋಗೆ ಲಸಿಕೆ ಬಂತು, ದಡಾರಕ್ಕೆ ಬಂತು. ನನ್ನ ಕಾಯಿಲೆಗೆ ಯಾಕೋ ಬರ್ಲಿಲ್ಲ?"

ಅತ್ತೆಯ ಕಾಯಿಲೆಯ ಹೆಸರು ರುಮ್ಯಾಟಿಕ್ ಜ್ವರ. 1904ರಲ್ಲಿ ಜರ್ಮನಿಯ ಲುಡ್ವಿಗ್ ಆಶಾಫ್, ಈ ರೋಗದಿಂದ ಸತ್ತವರ ಹೃದಯದಲ್ಲಿ ಪುಟ್ಟ ಗಂಟುಗಳನ್ನು ಗುರುತಿಸಿದ. ದೇಹದ ಭಾಗಗಳನ್ನು ಹಿಡಿದು ಕಟ್ಟಿಡುವ ಸಂಯೋಜಕ ಅಂಗಾಂಶದಲ್ಲೇ ಅವು ಇದ್ದವು. 1931ರಲ್ಲಿ ನ್ಯೂಯಾರ್ಕಿನ ಆಲ್ವಿನ್ ಕೋಬರ್ನ್ ಮತ್ತು ಲಂಡನ್ನಿನ ಕಾಲಿಸ್, ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿಗೂ ಈ ಜ್ವರಕ್ಕೂ ಇರುವ ನಂಟನ್ನು ಬೇರೆಬೇರೆಯಾಗಿಯೇ ತೋರಿಸಿದರು. ಆದರೆ ಒಂದು ಒಗಟು ಉಳಿಯಿತು. ಕೀಲು ನೋಯುವ ಹೊತ್ತಿಗೆ ಕೀಲಿನಲ್ಲಾಗಲಿ ಹೃದಯದಲ್ಲಾಗಲಿ ಆ ಬ್ಯಾಕ್ಟೀರಿಯಾ ಸಿಗುತ್ತಿರಲಿಲ್ಲ. ಕಳ್ಳನೇ ಇಲ್ಲದ ಮನೆ ಲೂಟಿಯಾಗುತ್ತಿತ್ತು.

ಲೂಟಿ ಮಾಡುತ್ತಿದ್ದವನು ಕಾವಲುಗಾರ. 1960ರ ದಶಕದಲ್ಲಿ ಅಮೆರಿಕದ ಮೆಲ್ವಿನ್ ಕಪ್ಲಾನ್ ಮಾಡಿದ ಪ್ರಯೋಗಗಳಲ್ಲಿ, ಸ್ಟ್ರೆಪ್ಟೋಕಾಕಸ್ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಮನುಷ್ಯನ ಹೃದಯದ ಅಂಗಾಂಶಕ್ಕೂ ಅಂಟಿಕೊಂಡವು. ಬ್ಯಾಕ್ಟೀರಿಯಾದ ಮೈಮೇಲಿನ ಕೆಲವು ಭಾಗಗಳು ನಮ್ಮ ಅಂಗಾಂಶವನ್ನೇ ಹೋಲುತ್ತವೆ. ದೇಹದ ರಕ್ಷಣಾ ವ್ಯವಸ್ಥೆಗೆ ಶತ್ರು ಯಾರು, ತನ್ನವರು ಯಾರು ಎಂಬ ಗುರುತು ತಪ್ಪುತ್ತದೆ.

ಲಸಿಕೆಯ ಕಷ್ಟ ಇರುವುದೂ ಇಲ್ಲಿಯೇ. ಶತ್ರುವಿನ ಮುಖವನ್ನು ದೇಹಕ್ಕೆ ಮೊದಲೇ ಪರಿಚಯಿಸುವುದು ಲಸಿಕೆಯ ಕೆಲಸ. ಶತ್ರುವಿನ ಮುಖ ನಮ್ಮ ಮುಖದಂತೆಯೇ ಇದ್ದರೆ?

ಅದೇ ದಶಕದಲ್ಲಿ ಬಾಸ್ಟನ್ನಿನ ಬೆನೆಡಿಕ್ಟ್ ಮ್ಯಾಸೆಲ್ ಮತ್ತು ಸಹೋದ್ಯೋಗಿಗಳು, ಸ್ಟ್ರೆಪ್ಟೋಕಾಕಸ್‌ನ ಎಂ ಪ್ರೋಟೀನಿನಿಂದ ಮಾಡಿದ ಲಸಿಕೆಯನ್ನು ಇಪ್ಪತ್ತೊಂದು ಮಕ್ಕಳಿಗೆ ಕೊಟ್ಟರು. ಎಲ್ಲರೂ ರುಮ್ಯಾಟಿಕ್ ಜ್ವರ ಬಂದವರ ಒಡಹುಟ್ಟಿದವರು. ಕಾಯಿಲೆ ಬರುವ ಅಪಾಯ ಅಂಥ ಮನೆಗಳಲ್ಲೇ ಹೆಚ್ಚು. ಆಮೇಲೆ ಆ ಮಕ್ಕಳಲ್ಲಿ ಇಬ್ಬರಿಗೆ ಖಚಿತವಾಗಿ, ಮತ್ತೊಬ್ಬರಿಗೆ ಬಹುಶಃ, ಅದೇ ಜ್ವರ ಬಂತು. ಈ ಸಂಗತಿಯನ್ನು ಮ್ಯಾಸೆಲ್ ತಂಡವೇ 1969ರಲ್ಲಿ ಪ್ರಕಟಿಸಿತು.

ಇಲ್ಲಿ ಇತಿಹಾಸದ ವಿದ್ಯಾರ್ಥಿ ತುಸು ನಿಲ್ಲಬೇಕು. ಮೂವರಿಗೂ ಜ್ವರ ಬಂದದ್ದು ಲಸಿಕೆಯ ನಂತರ ಮತ್ತೆ ತಗುಲಿದ ಗಂಟಲು ಸೋಂಕಿನ ಬೆನ್ನಿಗೆ. ಲಸಿಕೆಯೇ ನೆಲ ಹದ ಮಾಡಿತ್ತೋ, ಇಲ್ಲ ಮನೆತನದಲ್ಲೇ ಇದ್ದ ಅಪಾಯ ಹಾಗೆ ಹೊರಬಿತ್ತೋ? 'ಲಸಿಕೆಯ ನಂತರ' ಎಂಬುದು 'ಲಸಿಕೆಯಿಂದ' ಎಂದಾಗಲು ಇಪ್ಪತ್ತೊಂದು ಮಕ್ಕಳ ಲೆಕ್ಕ ಸಾಲದು. ಹಾಗೆಂದು ಅನುಮಾನವನ್ನು ಬದಿಗೆ ತಳ್ಳುವಂತೆಯೂ ಇರಲಿಲ್ಲ. 1979ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗೆಯ ಲಸಿಕೆಗಳಿಗೆ ತಡೆ ಹಾಕಿತು. ಆ ನಿಯಮ ರದ್ದಾದದ್ದು 2006ರಲ್ಲಿ.

ಆ ತಡೆ ತಪ್ಪೆಂದು ನಾನು ಹೇಳಲಾರೆ. ಆರೋಗ್ಯವಾಗಿದ್ದ ಮಕ್ಕಳಿಗೆ ಕಾಯಿಲೆ ಬಂದಾಗ ಕೈ ತಡೆಯುವುದೇ ಸರಿ. ಆದರೆ ಎಚ್ಚರಕ್ಕೂ ಬೆಲೆಯಿದೆ, ಆ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ. ಗಂಟಲು ಸೋಂಕಿಗೆ ಬೇಗ ಪೆನಿಸಿಲಿನ್ ಕೊಟ್ಟರೆ ಈ ಜ್ವರವನ್ನು ತಡೆಯಬಹುದು ಎಂಬುದು 1950ರಲ್ಲೇ, ಅಮೆರಿಕದ ವಯೋಮಿಂಗ್‌ನ ಸೈನಿಕರಲ್ಲಿ ಸಾಬೀತಾಗಿತ್ತು. ಪೆನಿಸಿಲಿನ್, ಗಾಳಿಬೆಳಕಿನ ಮನೆ, ಹತ್ತಿರದಲ್ಲೇ ವೈದ್ಯರು ಇದ್ದ ದೇಶಗಳಲ್ಲಿ ರೋಗ ತಾನಾಗಿ ಹಿಂದೆ ಸರಿಯಿತು. ಅಲ್ಲಿ ಲಸಿಕೆಯ ಅವಸರವೂ ಇಳಿಯಿತು. ಒಂದು ಕೋಣೆಯಲ್ಲಿ ಆರು ಜನ ಮಲಗುವ ಮನೆಗಳಲ್ಲಿ ಅದು ಉಳಿದುಕೊಂಡಿತು. ಈ ಹೃದ್ರೋಗದಿಂದ ಇಂದಿಗೂ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಮನುಷ್ಯನ ಅಂಗಾಂಶವನ್ನು ಹೋಲದ ಭಾಗಗಳನ್ನಷ್ಟೇ ಆರಿಸಿ ಹೊಸ ಲಸಿಕೆಗಳನ್ನು ಕಟ್ಟುವ ಪ್ರಯತ್ನಗಳು ನಡೆದಿವೆ. ಪರವಾನಗಿ ಪಡೆದ ಲಸಿಕೆ ಒಂದೂ ಇಲ್ಲ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಬಾಸ್ಟನ್ನಿನ ಮಕ್ಕಳ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಮೂರು ಮಕ್ಕಳು ಬದುಕಿದ್ರೇನೋ?" ಎಂದರು.

ನಾನು ಓದಿದ ಪುಟಗಳಿಂದ ಎತ್ತಿಕೊಂಡದ್ದೆಲ್ಲ ಅಂಕಿ, ಇಸವಿ, ಪ್ರೋಟೀನಿನ ಹೆಸರು. ಆ ಪ್ರಶ್ನೆಯನ್ನು ನಾನು ಕೇಳಿಕೊಂಡೇ ಇರಲಿಲ್ಲ.