ಸಾಂಗಲಿ ಸೀಮೆಯಲ್ಲಿ ಆಟಗಾರರ ಪರೀಕ್ಷೆ

ಆಡಿ ಗೆದ್ದವನನ್ನು ಹೊಗಳುವುದು ಸುಲಭ. ಇನ್ನೂ ಕಣಕ್ಕಿಳಿಯದ ಹುಡುಗನನ್ನು ನೋಡಿ, ಇವನು ಮುಂದೆ ಗೆಲ್ಲುವನೋ ಇಲ್ಲವೋ ಎಂದು ನುಡಿಯುವುದು ಕಷ್ಟ. ಈ ಕಷ್ಟದ ಕೆಲಸವನ್ನು ಅಮೇರಿಕದವರು ಒಂದು ಶಾಸ್ತ್ರವನ್ನಾಗಿಯೇ ಮಾಡಿಕೊಂಡಿದ್ದಾರೆ. ಅವರ ಫುಟ್‌ಬಾಲು ನಮ್ಮ ಕಾಲ್ಚೆಂಡಿನ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗುವ ಒರಟು ಆಟ. ಕಾಲೇಜುಗಳಲ್ಲಿ ಈ ಆಟ ಆಡಿದ ತರುಣರನ್ನು ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಸರದಿಯಿಂದ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಉಳಿದ ತಂಡಕ್ಕೆ ಮೊದಲ ಸರದಿ. ಹೆಚ್ಚು ಹಸಿದವನಿಗೆ ಮೊದಲು ಬಡಿಸಿದಂತೆ. ಆಯ್ಕೆಗೆ ಮುಂಚೆ ತರುಣರನ್ನು ಒಂದೆಡೆ ಕೂಡಿಸಿ, ನಲವತ್ತು ಗಜ ಓಡಿಸಿ, ನಿಂತಲ್ಲಿಂದ ಮೇಲಕ್ಕೆ ಜಿಗಿಸಿ, 225 ಪೌಂಡಿನ ಭಾರವನ್ನು ಎಷ್ಟು ಸಲ ಎತ್ತುವರೆಂದು ಎಣಿಸಿ ಬರೆದುಕೊಳ್ಳುತ್ತಾರೆ.

ಇಷ್ಟೆಲ್ಲ ಅಳೆದರೂ ತಕ್ಕಡಿ ತಪ್ಪುವುದುಂಟು. 1936ರಲ್ಲಿ ನಡೆದ ಮೊಟ್ಟಮೊದಲ ಆಯ್ಕೆಯಲ್ಲಿ ಮೊದಲ ಹೆಸರಾಗಿ ಬಂದವನು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್. ಅವನು ವೃತ್ತಿಯ ಆಟವನ್ನು ಒಂದು ದಿನವೂ ಆಡಲಿಲ್ಲ. 2000ನೆಯ ಇಸವಿಯಲ್ಲಿ 198 ಜನರ ಹೆಸರು ಕೂಗಿಯಾದ ಮೇಲೆ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಮುಂದೆ ಏಳು ಬಾರಿ ಆ ದೇಶದ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದ ತಂಡಗಳಲ್ಲಿದ್ದನು.

ಈ ಪರೀಕ್ಷೆ ನಮ್ಮ ಸಾಂಗಲಿ-ಮಿರಜ ಸೀಮೆಗೆ ಹೊಸದೇನೂ ಅಲ್ಲ. ಕೃಷ್ಣಾ ತೀರದ ಊರೂರಿನ ಜಾತ್ರೆಯಲ್ಲಿ ಕುಸ್ತಿಯ ಕಣ ಕೂಡಿದಾಗ ನಡೆಯುವುದು ಇದೇ. ಕಣದ ಅಂಚಿಗೆ ಪೈಲವಾನರು ಬಂದು ನಿಲ್ಲುತ್ತಾರೆ. ಪಂಚರು ಒಬ್ಬೊಬ್ಬನನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಸರಿಸಮನೆಂದು ತೋರಿದ ಇಬ್ಬರ ಕೈಗಳನ್ನು ಹಿಡಿದು ಜೋಡಿ ಕಟ್ಟುತ್ತಾರೆ. ಅಲ್ಲಿ ತೂಕದ ಯಂತ್ರವಿಲ್ಲ, ವಯಸ್ಸಿನ ದಾಖಲೆಯಿಲ್ಲ. ಸುತ್ತ ಕುಳಿತ ಜನವೇ ಸಾಕ್ಷಿ. ಜೋಡಿ ಸರಿಯಿಲ್ಲವೆಂದು ಕಂಡರೆ ಪೈಲವಾನನು ಅಲ್ಲಿಯೇ ಒಲ್ಲೆನೆನ್ನಬಹುದು, ವಸ್ತಾದನು ಎದ್ದು ವಾದಿಸಬಹುದು. ಚಿಕ್ಕ ಹುಡುಗರ ರೇವಡಿ ಕುಸ್ತಿಯಿಂದ ಮೊದಲಾಗಿ ಸಂಜೆಯ ದೊಡ್ಡ ಇನಾಮಿನ ಕುಸ್ತಿಯವರೆಗೆ ಹುಡುಗನೊಬ್ಬನು ವರುಷದಿಂದ ವರುಷಕ್ಕೆ ಮೆಟ್ಟಿಲು ಹತ್ತಿ ಬರುವುದನ್ನು ಊರೆಲ್ಲ ಕಾಣುತ್ತಿತ್ತು. ಇಂದಿನ ಎಷ್ಟೋ ಆಯ್ಕೆ ಸಮಿತಿಗಳ ಮುಚ್ಚಿದ ಕೋಣೆಗಿಂತ ಈ ಬಯಲು ಪರೀಕ್ಷೆ ಎಷ್ಟೋ ಮೇಲೆಂದು ನನ್ನ ಎಣಿಕೆ.

ತಾಲೀಮಿನೊಳಗಣ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ಕೊರಳಿನ ದಪ್ಪ, ಮಣಿಕಟ್ಟಿನ ಬಲ, ತೊಡೆಯ ಕಟ್ಟು ಇವು ಯಾರ ಕಣ್ಣಿಗೂ ಬೀಳುವಂಥವು. ವಸ್ತಾದನು ನೋಡುವುದು ದಮ್ಮನ್ನು. ಹತ್ತು ಜನರೊಡನೆ ಒಂದರ ಹಿಂದೊಂದು ಜೋರು ಮಾಡಿದ ಮೇಲೆ ಹುಡುಗನ ಉಸಿರು ಎಲ್ಲಿದೆ ಎಂಬುದನ್ನು. ಅದಕ್ಕೂ ಮಿಗಿಲಾಗಿ, ಇಂದು ಬೆನ್ನು ಮಣ್ಣಿಗೆ ಹತ್ತಿದವನು ನಾಳೆ ನಸುಕಿನಲ್ಲಿ ಮತ್ತೆ ಬಂದು ಕೆಮ್ಮಣ್ಣು ಅಗೆಯುವನೋ ಎಂಬುದನ್ನು. ಇದನ್ನು ತಿಳಿಯಲು ಒಂದು ದಿನ ಸಾಲದು, ವರುಷಗಳೇ ಬೇಕು.

ಈ ಕಣ್ಣಿಗೆ ಬಿದ್ದು ಮೇಲೆ ಬಂದವರು ನಮ್ಮ ಆಸುಪಾಸಿನಲ್ಲಿಯೇ ಅನೇಕರಿದ್ದಾರೆ. ಚಿಕ್ಕೋಡಿ ಸೀಮೆಯ ಎಕ್ಸಂಬೆಯಲ್ಲಿ ಹುಟ್ಟಿ ಕೊಲ್ಲಾಪುರದ ತಾಲೀಮಿನಲ್ಲಿ ಬೆಳೆದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಹಿಂದಕೇಸರಿಯಾದರು. ಶಿರಾಳಾ ತಾಲೂಕಿನ ಪುನವತದ ಗಣಪತರಾವ ಆಂದಳಕರರು 1960ರಲ್ಲಿ ಆ ಬಿರುದನ್ನು ಪಡೆದರು. ಸಾಂಗಲಿಯ ಮಗ್ಗುಲಲ್ಲಿರುವ ಕವಠೆ ಪಿರಾನದ ಮಾರುತಿ ಮಾನೆಯವರು 1964ರಲ್ಲಿ ಹಿಂದಕೇಸರಿಯಾದರು. ಅದಕ್ಕೆ ಮೊದಲೇ, 1962ರ ಜಕಾರ್ತಾ ಏಷ್ಯಾ ಕ್ರೀಡೆಗಳಲ್ಲಿ, ಆಂದಳಕರ ಮತ್ತು ಮಾನೆ ಇಬ್ಬರೂ ಒಂದೊಂದು ಚಿನ್ನ, ಒಂದೊಂದು ಬೆಳ್ಳಿ ತಂದಿದ್ದರು. ಒಂದೇ ಜಿಲ್ಲೆಯ ಇಬ್ಬರು ಹಳ್ಳಿಗರು!

ಆದರೂ ಆ ಕಾಲವನ್ನು ಸತ್ಯಯುಗವೆಂದು ಬಣ್ಣಿಸಲು ನಾನು ಸಿದ್ಧನಿಲ್ಲ. ಪೈಲವಾನನಿಗೆ ಖುರಾಕು ಬೇಕು. ಬಾದಾಮಿ, ತುಪ್ಪ, ಹಾಲುಗಳನ್ನು ದಿನವೂ ಒದಗಿಸಲಾರದ ಮನೆಯ ಹುಡುಗನು ವಸ್ತಾದನ ಕಣ್ಣಿಗೆ ಬೀಳುವ ಮೊದಲೇ ಹೊಲಕ್ಕೆ ಮರಳುತ್ತಿದ್ದನು. ಅಳೆಯಲು ಬಂದವರನ್ನಷ್ಟೇ ತಕ್ಕಡಿ ಅಳೆದೀತು. ಇನ್ನು ಹೆಣ್ಣುಮಕ್ಕಳಿಗಂತೂ ತಾಲೀಮಿನ ಹೊಸ್ತಿಲೇ ನಿಷಿದ್ಧವಾಗಿತ್ತು.

ಕಣದ ತೀರ್ಪಿಗೂ ಕಾಗದದ ತೀರ್ಪಿಗೂ ಇರುವ ಅಂತರವನ್ನು ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರ ಕಥೆ ಚೆನ್ನಾಗಿ ತೋರುತ್ತದೆ. ಅವರದು ಕುಳ್ಳ ದೇಹ. ಕೊಲ್ಲಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿಯಾಗಿ ಕುಸ್ತಿಯಲ್ಲಿ ಹೆಸರು ಮಾಡಿ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವರಾಗಿದ್ದರು. 1952ರಲ್ಲಿ ಹೆಲ್ಸಿಂಕಿಗೆ ಹೋಗುವವರ ಆಯ್ಕೆಯಲ್ಲಿ ತಮಗೆ ಅನ್ಯಾಯವಾಗಿದೆಯೆಂದು ಅವರು ಪಟಿಯಾಲೆಯ ಮಹಾರಾಜರಿಗೆ ಮೊರೆಯಿಟ್ಟರು. ಮತ್ತೊಮ್ಮೆ ಕುಸ್ತಿ ಏರ್ಪಟ್ಟಿತು. ಜಾಧವರು ಎದುರಾಳಿಯನ್ನು ಚಿತ್ತು ಮಾಡಿದರು. ಹೆಸರು ಪಟ್ಟಿಗೆ ಸೇರಿತು, ಹಣ ಮಾತ್ರ ಸೇರಲಿಲ್ಲ. ಆಗ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಜಾಧವರು ಕಂಚಿನ ಪದಕದೊಡನೆ ಮರಳಿದರು. ಸ್ವತಂತ್ರ ಭಾರತಕ್ಕೆ ವ್ಯಕ್ತಿಯೊಬ್ಬನು ತಂದ ಮೊದಲ ಒಲಿಂಪಿಕ್ ಪದಕವದು. ಆಯ್ಕೆಗಾರರು ಅಂಕಗಳನ್ನು ಎಣಿಸಿದ್ದರು. ಖರ್ಡೇಕರರು ಹುಡುಗನನ್ನು ಬಲ್ಲವರಾಗಿದ್ದರು. ಶಿಕ್ಷಕ ವೃತ್ತಿಯವರು ಈ ಹೆಸರನ್ನು ನೆನಪಿನಲ್ಲಿಡಬೇಕು.

ಈಗ ಚೆಂಡು-ದಾಂಡಿನ ಆಟಕ್ಕೆ ಬರೋಣ. ವಿಜಯ ಸ್ಯಾಮ್ಯುಯೆಲ್ ಹಜಾರೆಯವರು 1915ರ ಮಾರ್ಚ್ 11ರಂದು ಸಾಂಗಲಿಯಲ್ಲಿ ಹುಟ್ಟಿದರು. ಕ್ರೈಸ್ತ ಮನೆತನ, ತಂದೆ ಶಾಲಾ ಶಿಕ್ಷಕರು. ಶಿಕ್ಷಕನ ಮನೆಯಲ್ಲಿ ಮಕ್ಕಳು ಹೆಚ್ಚು, ದುಡ್ಡು ಕಡಿಮೆ ಎಂಬುದನ್ನು ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಆ ಕಾಲದಲ್ಲಿ ಆಟಗಾರರನ್ನು ಕೊಳ್ಳುವ ತಂಡಗಳಿರಲಿಲ್ಲ, ಸಂಸ್ಥಾನಿಕರಿದ್ದರು. ಒಬ್ಬ ಅರಸನು ತರುಣನನ್ನು ಮೆಚ್ಚಿದರೆ ತನ್ನ ಸೈನ್ಯದಲ್ಲಿಯೋ ದರಬಾರಿನಲ್ಲಿಯೋ ಒಂದು ಹುದ್ದೆ ಕೊಡುತ್ತಿದ್ದನು. ಹುದ್ದೆ ಹೆಸರಿಗೆ, ಕೆಲಸ ಆಟ. ಹಜಾರೆಯವರಿಗೆ ಮೊದಲು ಆಸರೆಯಾದವರು ದೇವಾಸದ ವಿಕ್ರಮಸಿಂಹರಾವ ಪವಾರರು.

ಇಲ್ಲಿ ನಮ್ಮ ಜತ್ತದ ಪ್ರಸ್ತಾಪ ಬರುತ್ತದೆ. ಇಂದು ಸಾಂಗಲಿ ಜಿಲ್ಲೆಯ ಕನ್ನಡ ಮಾತಿನ ತಾಲೂಕಾದ ಜತ್ತವು ಆಗ ಡಫಳೆ ಮನೆತನದ ಚಿಕ್ಕ ಸಂಸ್ಥಾನ; ಮಳೆ ಕಡಿಮೆ, ಬರ ಹೆಚ್ಚು. ಆದರೆ ಅಲ್ಲಿಯ ಅರಸರಿಗೆ ಕ್ರಿಕೆಟ್ಟಿನ ಹುಚ್ಚು. ಅವರು 1930ರ ದಶಕದಲ್ಲಿ ಆಸ್ಟ್ರೇಲಿಯದಿಂದ ಕ್ಲಾರಿ ಗ್ರಿಮೆಟ್ಟರನ್ನೇ ಶಿಕ್ಷಕರನ್ನಾಗಿ ಕರೆಸಿದರು. ಹಜಾರೆಯವರು ಪಾಠ ಕಲಿತದ್ದು ಈ ಗುರುವಿನಲ್ಲಿ.

ಗ್ರಿಮೆಟ್ಟರ ಬಾಳೇ ತಪ್ಪು ತೂಕದ ಒಂದು ಚರಿತ್ರೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಅವರು ಸಿಡ್ನಿಗೆ ಬಂದರು, ಅಲ್ಲಿ ನಡೆಯದೆ ಮೆಲ್ಬೋರ್ನಿಗೆ ಹೋದರು, ಅಲ್ಲಿಯೂ ಸಲ್ಲದೆ ಅಡಿಲೇಡಿಗೆ ಹೋದರು. ಗಿಡ್ಡ ಆಳು, ವಯಸ್ಸು ಮೀರುತ್ತಿದೆ ಎಂಬ ಭಾವನೆ ಅವರನ್ನು ಬೆನ್ನಟ್ಟಿತ್ತು. 1925ರಲ್ಲಿ ತಮ್ಮ 33ನೆಯ ವಯಸ್ಸಿನಲ್ಲಿ ಮೊದಲ ಟೆಸ್ಟ್ ಆಡಿ, ಆ ಒಂದೇ ಪಂದ್ಯದಲ್ಲಿ 11 ಹುದ್ದರಿ ಪಡೆದರು. ಟೆಸ್ಟಿನಲ್ಲಿ 200 ಹುದ್ದರಿಗಳ ಗಡಿ ದಾಟಿದವರಲ್ಲಿ ಅವರೇ ಮೊದಲಿಗರು. 1935-36ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಐದು ಟೆಸ್ಟುಗಳಿಂದ 44 ಹುದ್ದರಿ ಉರುಳಿಸಿದ ಮೇಲೆ, ಮುದುಕನಾದನೆಂದು ಅವರನ್ನು ಕೈಬಿಡಲಾಯಿತು. ಮತ್ತೆ ಟೆಸ್ಟ್ ಆಡಲಿಲ್ಲ. ಎರಡು ಬಾರಿ ತಪ್ಪಾಗಿ ತೂಗಲ್ಪಟ್ಟ ಈ ಮನುಷ್ಯನ ಕೈಗೆ ಸಾಂಗಲಿಯ ತರುಣನು ಬಂದದ್ದು ಇತಿಹಾಸದ ವಿನೋದವೆನ್ನಬೇಕು.

ಹಜಾರೆಯವರ ನಿಲುವು ಪುಸ್ತಕದ ನಿಲುವಲ್ಲ. ಬ್ಯಾಟನ್ನು ಎರಡು ಕಾಲಿನ ಪ್ಯಾಡುಗಳ ನಡುವೆ ಸಿಕ್ಕಿಸಿಕೊಂಡಂತೆ ಹಿಡಿದು ನಿಲ್ಲುತ್ತಿದ್ದರು. ಹಾಳೆಯ ಮೇಲೆ ಗುರುತು ಹಾಕುವ ಪರೀಕ್ಷಕನು ಇದನ್ನೊಂದು ದೋಷವೆಂದು ಬರೆದಾನು. ಗುರುವಿನ ಪಾಠವಾದ ಮೇಲೆಯೂ ಆ ನಿಲುವು ಹಾಗೆಯೇ ಉಳಿಯಿತು. 1939-40ರಲ್ಲಿ ಮಹಾರಾಷ್ಟ್ರದ ಪರವಾಗಿ ಬಡೋದೆಯ ವಿರುದ್ಧ ಅವರು ಔಟಾಗದೆ 316 ಓಟ ಹೊಡೆದರು. ಬಳಿಕ ಅದೇ ಬಡೋದೆಯ ಸಂಸ್ಥಾನವು ಅವರನ್ನು ತನ್ನ ಸೇವೆಗೆ ತೆಗೆದುಕೊಂಡಿತು! ಆಟಗಾರನ ಬೆಲೆಯನ್ನು ಬಡೋದೆಯವರು ತಮ್ಮ ಬೆನ್ನ ಮೇಲೆಯೇ ಬರೆಯಿಸಿಕೊಂಡು ಅರಿತರೆಂದು ಕಾಣುತ್ತದೆ. 1946-47ರ ರಣಜಿ ಅಂತಿಮ ಪಂದ್ಯದಲ್ಲಿ ಹೋಳಕರ ತಂಡದ ವಿರುದ್ಧ ಗುಲ್ ಮಹಮ್ಮದರೊಡನೆ ಕೂಡಿ ಹಜಾರೆಯವರು ಒಂದು ಜೊತೆಯಾಟದಲ್ಲಿ 577 ಓಟ ಸೇರಿಸಿದರು. ಆ ದಾಖಲೆ 2006ರವರೆಗೆ ಜಗತ್ತಿನಲ್ಲಿ ಯಾರಿಂದಲೂ ಮುರಿಯಲಿಲ್ಲ.

ಮಹಾಯುದ್ಧದ ದೆಸೆಯಿಂದ ಅವರಿಗೆ ಮೊದಲ ಟೆಸ್ಟ್ ದೊರೆತದ್ದು 1946ರಲ್ಲಿ, 31ನೆಯ ವಯಸ್ಸಿನಲ್ಲಿ. 1948ರಲ್ಲಿ ಅಡಿಲೇಡಿನಲ್ಲಿ, ಅಂದರೆ ಗುರುವಿನ ಊರಿನಲ್ಲಿಯೇ, ಒಂದೇ ಟೆಸ್ಟಿನ ಎರಡು ಸರದಿಗಳಲ್ಲಿ 116 ಮತ್ತು 145 ಓಟ ಹೊಡೆದರು. 1952ರಲ್ಲಿ ಮದರಾಸಿನಲ್ಲಿ ಭಾರತವು ತನ್ನ ಮೊಟ್ಟಮೊದಲ ಟೆಸ್ಟ್ ಗೆದ್ದಾಗ ನಾಯಕರಾಗಿದ್ದವರು ಈ ಶಿಕ್ಷಕನ ಮಗ.

ಮಿರಜಕ್ಕೆ ಬಂದವರು ತಂಬೂರಿ ಮಾಡುವವರ ಓಣಿಯನ್ನು ನೋಡದೆ ಹೋಗಬಾರದು. ಪಂಢರಪುರದ ಕಡೆಯಿಂದ ಬಂದ ಒಣಗಿದ ಸೋರೆಬುರುಡೆಗಳನ್ನು ಅವರು ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿ ಆರಿಸುತ್ತಾರೆ. ತಲೆಮಾರುಗಳಿಂದ ಪಳಗಿದ ಕೈ. ಆದರೂ ತಂತಿ ಕಟ್ಟಿ ಮೀಟುವವರೆಗೆ ನಾದ ಹೀಗೆಯೇ ಎಂದು ಆಣೆಯಿಟ್ಟು ಹೇಳಲಾಗದು. ಪರೀಕ್ಷೆ ಬೇಡವೆಂದು ಇದರ ಅರ್ಥವಲ್ಲ. ಒಡೆದ ಬುರುಡೆಯನ್ನು ಬೇರ್ಪಡಿಸುವುದಕ್ಕೆ ಅದು ಬೇಕೇ ಬೇಕು.

ಇನ್ನು ನಮ್ಮ ಕಾಲದ ಮಾತು. ಸಂಸ್ಥಾನಗಳು ಅಳಿದ ಮೇಲೆ ರೈಲ್ವೆ, ಬ್ಯಾಂಕುಗಳು ಆಟಗಾರರಿಗೆ ನೌಕರಿ ಕೊಟ್ಟವು. ಈಗ ಹರಾಜು ಬಂದಿದೆ. ಸಾಂಗಲಿಯ ಮಾಧವನಗರದಲ್ಲಿ ಬೆಳೆದ ಸ್ಮೃತಿ ಮಂಧಾನಾ ಅಣ್ಣನ ಆಟ ನೋಡಿ ಬ್ಯಾಟು ಹಿಡಿದವರು. ತಂದೆ ಜಿಲ್ಲೆಯ ಮಟ್ಟದಲ್ಲಿ ಆಡಿದವರು. ಬಲಗೈಯ ಮಗಳಿಗೆ ಎಡಗೈ ಆಟ ಕಲಿಸಿದರು. ಒಂಬತ್ತನೆಯ ವಯಸ್ಸಿನಲ್ಲಿ ಮಹಾರಾಷ್ಟ್ರದ 15 ವರ್ಷದೊಳಗಿನವರ ತಂಡಕ್ಕೂ, ಹನ್ನೊಂದನೆಯ ವಯಸ್ಸಿನಲ್ಲಿ 19 ವರ್ಷದೊಳಗಿನವರ ತಂಡಕ್ಕೂ ಆಯ್ಕೆಯಾದರು. 2013ರಲ್ಲಿ ಗುಜರಾತಿನ ವಿರುದ್ಧ 150 ಎಸೆತಗಳಲ್ಲಿ ಔಟಾಗದೆ 224 ಓಟ ಹೊಡೆದದ್ದು ಬಡೋದೆಯಲ್ಲಿ. ಹಜಾರೆಯವರು ನೆಲೆಸಿ, 2004ರಲ್ಲಿ ಕಣ್ಣು ಮುಚ್ಚಿದ ಊರಿನಲ್ಲಿ. ಕೈಯಲ್ಲಿದ್ದುದು ನಮ್ಮ ರಾಹುಲ್ ದ್ರಾವಿಡರ ಬ್ಯಾಟು.

2023ರ ಫೆಬ್ರವರಿ 13ರಂದು ಮುಂಬಯಿಯಲ್ಲಿ ಮಹಿಳೆಯರ ಲೀಗಿನ ಮೊದಲ ಹರಾಜು ನಡೆಯಿತು. ಮೊದಲು ಕೂಗಿದ ಹೆಸರು ಮಂಧಾನಾ. ಬೆಂಗಳೂರಿನ ತಂಡವು 3 ಕೋಟಿ 40 ಲಕ್ಷ ರೂಪಾಯಿಗೆ ಕೊಂಡಿತು. ಆ ದಿನದ ಅತಿ ಹೆಚ್ಚಿನ ಬೆಲೆ ಅದೇ. ಆ ವರುಷ ಅವರು ಎಂಟು ಪಂದ್ಯಗಳಲ್ಲಿ 149 ಓಟ ಮಾತ್ರ ಮಾಡಿದರು; ತಂಡ ಮೊದಲ ಐದು ಪಂದ್ಯಗಳನ್ನೂ ಸೋತಿತು. ಬೆಲೆ ಕಟ್ಟಿದವರನ್ನು ನಗುವವರು ಸಾಕಷ್ಟು ಜನರಿದ್ದರು. ತಂಡದವರು ನಾಯಕಿಯನ್ನು ಬದಲಿಸಲಿಲ್ಲ. 2024ರಲ್ಲಿ ಅದೇ ತಂಡ ಪ್ರಶಸ್ತಿ ಗೆದ್ದಿತು. ಆರಿಸುವುದರಲ್ಲಿ ಅರ್ಧ ಜಾಣತನವಿದ್ದರೆ, ಆರಿಸಿದ ಮೇಲೆ ಕಾಯುವುದರಲ್ಲಿ ಉಳಿದರ್ಧವಿದೆ ಎಂಬುದು ವಸ್ತಾದರಿಗೆ ಮೊದಲೇ ಗೊತ್ತಿತ್ತು.

ಜತ್ತ, ಮಿರಜ ತಾಲೂಕುಗಳ ಕನ್ನಡ ಶಾಲೆಯ ಮಗು ಪರೀಕ್ಷಕರ ಮುಂದೆ ನಿಲ್ಲುವುದು ಸಾಮಾನ್ಯವಾಗಿ ತಾಲೂಕಿನ ಪಂದ್ಯದ ಒಂದೇ ದಿನ. ಅಂದು ಹಸಿದಿದ್ದರೆ, ಬಸ್ಸು ತಡವಾದರೆ, ಬೇರೆ ನುಡಿಯ ಸೂಚನೆ ಕಿವಿಗೆ ಸರಿಯಾಗಿ ಬೀಳದಿದ್ದರೆ, ಆ ವರುಷ ಮುಗಿಯಿತು. ನಾಲ್ಕನೆಯ ಇಯತ್ತೆಯಿಂದಲೇ ಪ್ರತಿ ಮಗುವಿನ ಓಟ, ಜಿಗಿತ, ಎಸೆತಗಳನ್ನು ಆರು ತಿಂಗಳಿಗೊಮ್ಮೆ ಬರೆದಿಡುವ ಒಂದು ವಹಿ ಶಾಲೆಯಲ್ಲಿದ್ದರೆ, ಶಿಕ್ಷಕನು ಅದನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ, ಈ ಹುಡುಗಿ ಮೂರು ವರುಷದಲ್ಲಿ ಎಷ್ಟು ಬೆಳೆದಿದ್ದಾಳೆ ನೋಡಿರೆಂದು ಆಯ್ಕೆಗಾರರ ಮುಂದೆ ಹಿಡಿಯಬಹುದು. ಅದಕ್ಕೆ ಬೇಕಾದುದು ಒಂದು ಅಳತೆಯ ಪಟ್ಟಿ, ಒಂದು ಗಡಿಯಾರ, ಎರಡು ಕ್ವಾಯರು ಕಾಗದ.